ಮಕ್ಕಳ ಮಲಬದ್ಧತೆ: ಆಹಾರದ ಆರೈಕೆ, ನೀರಿನ ನೆರವು

ಏಳೆಂಟು ವರ್ಷದ ಮಗು ಚಡ್ಡಿ ಹೊಲಸು ಮಾಡಿಕೊಂಡರೆ ನಮ್ಮ ಮನೆಗಳಲ್ಲಿ ಮೊದಲು ಬೀಳುವುದು ಬೈಗುಳ, ಅನಂತರ ಏಟು. 'ಇಷ್ಟು ದೊಡ್ಡವನಾದರೂ ಬುದ್ಧಿ ಇಲ್ಲ' ಎನ್ನುವ ಮಾತು ನೆರೆಹೊರೆಯವರಿಗೂ ಕೇಳಿಸುತ್ತದೆ. ಮಗು ಶಾಲೆಗೆ ಹೋಗಲು ಹಿಂಜರಿಯುತ್ತದೆ, ಗೆಳೆಯರಿಂದ ದೂರ ಕೂಡುತ್ತದೆ. ಸದ್ಭಕ್ತರು ಒಂದು ಸಂಗತಿಯನ್ನು ತಿಳಿದಿರಬೇಕೆಂಬುದು ನಮ್ಮ ಬಯಕೆ: ಇಂಥ ಮಕ್ಕಳಲ್ಲಿ ಬಹುಪಾಲಿನವರಿಗೆ ಇರುವುದು ಸೋಮಾರಿತನವಲ್ಲ, ಭೇದಿಯೂ ಅಲ್ಲ, ಬಹುಕಾಲದಿಂದ ಬೆಳೆದ ಮಲಬದ್ಧತೆ.

ಇದು ಹೇಗೆಂಬುದನ್ನು ವಿವರಿಸುತ್ತೇವೆ. ಒಮ್ಮೆ ಮಲವು ಗಟ್ಟಿಯಾಗಿ ನೋವಾದರೆ, ಮಗು ಮುಂದಿನ ಸಲ ಹೆದರಿ ತಡೆದುಕೊಳ್ಳುತ್ತದೆ. ತಡೆದಷ್ಟೂ ದೊಡ್ಡ ಕರುಳು ಮಲದಲ್ಲಿನ ನೀರನ್ನು ಹೀರಿಕೊಳ್ಳುತ್ತದೆ, ಮಲ ಇನ್ನಷ್ಟು ಗಟ್ಟಿಯಾಗುತ್ತದೆ, ನೋವು ಇಮ್ಮಡಿಯಾಗುತ್ತದೆ. ಕೆಲವು ತಿಂಗಳಲ್ಲಿ ಗುದನಾಳ ಹಿಗ್ಗಿ, ತುಂಬಿದ್ದರೂ ತುಂಬಿದೆಯೆಂಬ ಅರಿವನ್ನೇ ಕಳೆದುಕೊಳ್ಳುತ್ತದೆ. ಆಗ ಗಟ್ಟಿ ಮಲದ ಸಂದಿಯಿಂದ ತೆಳುವಾದ ಮಲ ತಾನಾಗಿ ಸೋರುತ್ತದೆ. ಮಗುವಿಗೆ ಅದು ಗೊತ್ತೇ ಆಗುವುದಿಲ್ಲ. ತಾಯಂದಿರು ಇದನ್ನು ಭೇದಿಯೆಂದು ಭಾವಿಸಿ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಕಟ್ಟು ಮತ್ತಷ್ಟು ಬಿಗಿಯಾಗುತ್ತದೆ. ಕಾಲು ಹೆಣೆದುಕೊಂಡು, ತುದಿಗಾಲಲ್ಲಿ ನಿಂತು, ಮೂಲೆಯಲ್ಲಿ ಮೈ ಬಿಗಿಹಿಡಿಯುವ ಮಗು ಮಲ ಹೊರಹಾಕಲು ತಿಣುಕುತ್ತಿದೆ ಎಂದು ಹಿರಿಯರು ಎಣಿಸುತ್ತಾರೆ. ನಿಜದಲ್ಲಿ ಅದು ತಡೆಹಿಡಿಯುತ್ತಿರುತ್ತದೆ.

ಹಾಲೂಡುವ ಕೂಸಿನ ಮಾತು ಬೇರೆ. ತಾಯಿಹಾಲನ್ನಷ್ಟೇ ಕುಡಿಯುವ ಎರಡು ತಿಂಗಳ ಕೂಸು ನಾಲ್ಕೈದು ದಿನ ಮಲವಿಸರ್ಜಿಸದಿದ್ದರೂ, ಹೊಟ್ಟೆ ಮೆತ್ತಗಿದ್ದು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ, ಭಯಪಡಬೇಕಿಲ್ಲ. ಆದರೆ ಹುಟ್ಟಿದ 48 ಗಂಟೆಗಳೊಳಗೆ ಮೊದಲ ಕಪ್ಪು ಮಲ ಹೋಗದಿದ್ದರೆ, ಹೊಟ್ಟೆ ಉಬ್ಬಿ ಹಸಿರು ವಾಂತಿಯಾದರೆ ಒಂದು ಗಳಿಗೆಯೂ ತಡಮಾಡಬಾರದು. ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲದಿರುವ ಹರ್ಷ್‌ಸ್ಪ್ರಂಗ್ ಕಾಯಿಲೆ ಹೀಗೆ ಕಾಣಿಸಿಕೊಳ್ಳಬಹುದು; ಅದಕ್ಕೆ ಶಸ್ತ್ರಚಿಕಿತ್ಸೆಯೇ ಪರಿಹಾರ. ಸಾಬೂನಿನ ಚೂರನ್ನು ಕೂಸಿನ ಗುದದಲ್ಲಿಡುವ, ತಿಂಗಳಿಗೊಮ್ಮೆ ಔಡಲೆಣ್ಣೆ ಕುಡಿಸುವ ಹಳೆಯ ರೂಢಿಗಳನ್ನು ಇಂದೇ ಬಿಡಬೇಕು. ಸಾಬೂನು ಒಳಪೊರೆಯನ್ನು ಸುಡುತ್ತದೆ; ಬಲವಂತವಾಗಿ ಕುಡಿಸಿದ ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ.

ಇನ್ನು ಆಹಾರ. ರಂಗಂಪೇಟೆ, ಸುರಪುರ, ಶಹಾಪುರದ ಸೀಮೆಯವರಿಗೆ ನಾರಿನ ಪದಾರ್ಥಕ್ಕಾಗಿ ಪೇಟೆಯ ಡಬ್ಬಿಗಳ ಮೊರೆಹೋಗುವ ಅಗತ್ಯವೇ ಇಲ್ಲ. ನಮ್ಮದು ಜೋಳದ, ತೊಗರಿಯ ನಾಡು. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 3 ಗ್ರಾಂ ಕೂಡ ಇಲ್ಲ. ನಾರಾಯಣಪುರದ ಬಸವಸಾಗರದಿಂದ ಎಡದಂಡೆ ಕಾಲುವೆಯ ನೀರು ಹರಿದುಬಂದ ಮೇಲೆ ಈ ಭಾಗದ ಹೊಲಗಳಲ್ಲಿ ಭತ್ತ ಹೆಚ್ಚಿತು. ಗಂಗಾಳದಲ್ಲಿಯೂ ರೊಟ್ಟಿಯ ಜಾಗವನ್ನು ಅನ್ನ ಆಕ್ರಮಿಸಿತು. ನೀರಾವರಿಯಿಂದ ರೈತನ ಬದುಕು ಹಸನಾಯಿತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಮುಂಜಾನೆ ಚಹಾದಲ್ಲಿ ಅದ್ದಿದ ಬಿಸ್ಕೀಟು, ಮಧ್ಯಾಹ್ನ ಬಿಳಿ ಅನ್ನ, ಸಂಜೆ ಐದು ರೂಪಾಯಿಯ ಕುರುಕಲು ಪೊಟ್ಟಣ, ಇವಿಷ್ಟನ್ನೇ ತಿಂದ ಮಗುವಿನ ಕರುಳಿಗೆ ಕೆಲಸಮಾಡಲು ಸಾಮಗ್ರಿಯಾದರೂ ಎಲ್ಲಿಂದ ಬರಬೇಕು?

ಮಗುವಿನ ವಯಸ್ಸಿಗೆ 5 ಕೂಡಿಸಿದರೆ ಬರುವಷ್ಟು ಗ್ರಾಂ ನಾರು ದಿನಕ್ಕೆ ಬೇಕೆಂಬುದು ವೈದ್ಯರು ಬಳಸುವ ಸುಲಭ ಲೆಕ್ಕ. ಆರು ವರ್ಷದ ಮಗುವಿಗೆ 11 ಗ್ರಾಂ. ಒಂದು ಬಿಸಿ ರೊಟ್ಟಿ, ಸಿಪ್ಪೆ ಸಹಿತ ಹೆಸರುಕಾಳಿನ ಪಲ್ಯ, ಪುಂಡಿ ಅಥವಾ ಮೆಂತ್ಯೆ ಪಲ್ಯ, ಒಂದು ಪೇರಲ ಹಣ್ಣು, ಇಷ್ಟರಲ್ಲಿ ಅದರ ಬಹುಭಾಗ ದೊರೆಯುತ್ತದೆ. ರೊಟ್ಟಿ ಅಗಿಯಲಾರದ ಚಿಕ್ಕವರಿಗೆ ಜೋಳದ ನುಚ್ಚು ಮಜ್ಜಿಗೆಯೊಡನೆ ಹಿತ. ಅಗಸಿ ಹಿಂಡಿಯನ್ನು ಖಾರ ಕಡಿಮೆ ಮಾಡಿ ಕೊಡಬಹುದು. ರಾತ್ರಿ ನೆನೆಸಿದ ಒಣದ್ರಾಕ್ಷಿ, ಪಪ್ಪಾಯಿ, ಚಳಿಗಾಲದಲ್ಲಿ ಬಾರಿಹಣ್ಣು (ಬೀಜ ತೆಗೆದು) ಒಳ್ಳೆಯವು. ಶಾಲೆಯಲ್ಲಿ ಮೊಟ್ಟೆ ಒಲ್ಲದ ಮಕ್ಕಳಿಗೆ ಕೊಡುವ ಬಾಳೆಹಣ್ಣನ್ನು ಚೆನ್ನಾಗಿ ಕಳಿತಾಗಲೇ ತಿನ್ನಿಸಬೇಕು. ಹಾಲು ಒಳ್ಳೆಯದೆಂದು ಲೀಟರುಗಟ್ಟಲೆ ಕುಡಿಸುವವರಿದ್ದಾರೆ. ದಿನಕ್ಕೆ ಅರ್ಧ ಲೀಟರು ಸಾಕು, ಮಿಕ್ಕದ್ದು ಹಸಿವನ್ನು ಕೊಲ್ಲುತ್ತದೆ. ಒಂದು ವರ್ಷದೊಳಗಿನ ಕೂಸಿಗೆ ಜೇನುತುಪ್ಪ ನೆಕ್ಕಿಸಕೂಡದು.

ನಾರು ಹೆಚ್ಚಿಸಿ ನೀರು ಹೆಚ್ಚಿಸದಿದ್ದರೆ ಕಟ್ಟು ಬಿಗಿಯುತ್ತದೆ. ನಮ್ಮ ಬೇಸಗೆಯ ಬಿಸಿಲು 40 ಡಿಗ್ರಿ ದಾಟುವುದು ಎಲ್ಲರೂ ಬಲ್ಲ ಸಂಗತಿ. ಶಾಲೆಗೆ ಹೋಗುವ ಮಗುವಿನ ಚೀಲದಲ್ಲಿ ನೀರಿನ ಬಾಟಲಿ ಇರಲೇಬೇಕು, ಸಂಜೆ ಅದು ಖಾಲಿಯಾಗಿ ಬಂದಿರಬೇಕು. ಎಷ್ಟೋ ಹೆಣ್ಣುಮಕ್ಕಳು ಶಾಲೆಯ ಶೌಚಾಲಯಕ್ಕೆ ಹೋಗಬೇಕಾದೀತೆಂದು ನೀರನ್ನೇ ಕುಡಿಯುವುದಿಲ್ಲ. ಶೌಚಾಲಯಕ್ಕೆ ಚಿಲಕ, ತೊಟ್ಟಿಗೆ ನೀರು ಇವೆಯೇ ಎಂದು ಶಾಲಾಭಿವೃದ್ಧಿ ಸಮಿತಿಯಲ್ಲಿರುವ ಭಕ್ತರು ಒಮ್ಮೆ ಕಣ್ಣಾರೆ ಕಂಡುಬರಲಿ.

ಊಟವಾದ ಬಳಿಕ ಕರುಳು ತಾನಾಗಿ ಚಲಿಸುತ್ತದೆ. ಆದ್ದರಿಂದ ಮುಂಜಾನೆ ಉಪಾಹಾರದ ನಂತರ ಐದರಿಂದ ಹತ್ತು ನಿಮಿಷ ಮಗುವನ್ನು ಅವಸರವಿಲ್ಲದೆ ಶೌಚಕ್ಕೆ ಕೂರಿಸುವುದು ರೂಢಿಯಾಗಲಿ. ಕುಕ್ಕರುಗಾಲಿನ ಭಂಗಿ ಉತ್ತಮ. ಕಮೋಡ್ ಇದ್ದರೆ ಕಾಲ ಕೆಳಗೆ ಮಣೆ ಇಡಬೇಕು. ಈಗಾಗಲೇ ಕಟ್ಟಿಕೊಂಡ ಮಲ ಆಹಾರವೊಂದರಿಂದಲೇ ಕರಗದು. ಮೊದಲು ವೈದ್ಯರು ಕೊಡುವ ಮೆತ್ತಗಾಗಿಸುವ ಔಷಧದಿಂದ ಕರುಳು ಖಾಲಿಯಾಗಬೇಕು, ಅನಂತರವೂ ತಿಂಗಳುಗಟ್ಟಲೆ ಅದು ಮುಂದುವರಿಯಬೇಕಾಗಬಹುದು. ನಾಲ್ಕು ದಿನ ಸರಿಯಾಯಿತೆಂದು ಔಷಧ ನಿಲ್ಲಿಸುವುದರಿಂದಲೇ ಹೆಚ್ಚಿನ ಮಕ್ಕಳಿಗೆ ತೊಂದರೆ ಮರುಕಳಿಸುತ್ತದೆ.

ಆದರೆ ಆಹಾರ, ಔಷಧ, ಅಭ್ಯಾಸ ಮೂರೂ ಸಾಲದ ಮಕ್ಕಳಿದ್ದಾರೆ. ಬೆನ್ನುಹುರಿಯ ಸೀಳಿನೊಡನೆ, ಅಂದರೆ ಸ್ಪೈನಾ ಬೈಫಿಡಾದೊಡನೆ ಹುಟ್ಟಿದವರು, ಗುದದ್ವಾರವಿಲ್ಲದೆ ಹುಟ್ಟಿ ಶಸ್ತ್ರಚಿಕಿತ್ಸೆಗೊಳಗಾದವರು. ಇವರಲ್ಲಿ ಅನೇಕರಿಗೆ ಮಲದ ಅರಿವೂ ಇಲ್ಲ, ಹಿಡಿತವೂ ಇಲ್ಲ. ಮನೆಯವರು ವಾಸನೆಗೆ ಅಂಜಿ ಮಗುವನ್ನು ಒಳಕೋಣೆಯಲ್ಲೇ ಉಳಿಸುತ್ತಾರೆ. ಬುದ್ಧಿ ಚುರುಕಿದ್ದರೂ ಅಕ್ಷರ ದಕ್ಕುವುದಿಲ್ಲ. ಇಂಥವರಿಗಾಗಿಯೇ ಕರುಳಿಗೆ ನೀರು ಹಾಯಿಸಿ ತೊಳೆಯುವ ವಿಧಾನವಿದೆ. ಗುದದ ಮೂಲಕ ನೀರು ಅಥವಾ ಔಷಧದ್ರವ ಸೇರಿಸುವುದು ನಮ್ಮಲ್ಲಿ ಹೊಸತಲ್ಲ. ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿ ಬಸ್ತಿಯ ವಿವರವಿದೆ. ಇಂದಿನ ವಿಧಾನದಲ್ಲಿ ಮೃದುವಾದ ಶಂಕುವಿನಾಕಾರದ ತುದಿ ಅಥವಾ ಬಲೂನಿರುವ ನಳಿಕೆಯ ಮೂಲಕ ಮೈಬಿಸಿಯಷ್ಟೇ ಬೆಚ್ಚಗಿನ ದ್ರವವನ್ನು ನಿಧಾನವಾಗಿ ಒಳಬಿಡುತ್ತಾರೆ. ಸಾಮಾನ್ಯವಾಗಿ ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 20 ಮಿಲಿಲೀಟರು. 20 ಕಿಲೋ ತೂಗುವ ಮಗುವಿಗೆ 200ರಿಂದ 400. ನಳಿಕೆ ತೆಗೆದಾಗ ಮಲ ಹೊರಬರುತ್ತದೆ. ಕೂತೇಳಲು ಅರ್ಧ ತಾಸಿನಿಂದ ಮುಕ್ಕಾಲು ತಾಸು. ದಿನಕ್ಕೊಮ್ಮೆ ಅಥವಾ ದಿನ ಬಿಟ್ಟು ದಿನ, ಅದೇ ವೇಳೆಗೆ ಮಾಡಿದರೆ ನಡುವಿನ ಅವಧಿಯಲ್ಲಿ ಬಟ್ಟೆ ಸ್ವಚ್ಛವಾಗಿರುತ್ತದೆ. ಹೊಂದಿಕೊಳ್ಳಲು ಕೆಲವು ವಾರಗಳೇ ಬೇಕು, ತಾಯಂದಿರು ಎದೆಗುಂದಬಾರದು.

ಇದನ್ನು ನೋಡಿ ಕಲಿಯಬೇಕು, ಓದಿ ಕಲಿಯಬಾರದು. ಮೊದಲ ಸಲಗಳು ವೈದ್ಯರ ಅಥವಾ ದಾದಿಯರ ಎದುರಿನಲ್ಲೇ ಆಗಬೇಕು. ದ್ರವ ಯಾವುದು, ಪ್ರಮಾಣ ಎಷ್ಟು ಎಂಬುದನ್ನು ಅವರೇ ಗೊತ್ತುಮಾಡಬೇಕು. ಚಿಕ್ಕ ಮಕ್ಕಳಿಗೆ ಬರಿ ನೀರು ಹೆಚ್ಚಾದರೆ ರಕ್ತದ ಲವಣಾಂಶ ಕುಸಿಯುತ್ತದೆ, ಅದಕ್ಕಾಗಿ ಉಪ್ಪುದ್ರಾವಣ ಸೂಚಿಸುತ್ತಾರೆ. ಅಂಗಡಿಯ ಫಾಸ್ಫೇಟ್ ಎನಿಮಾವನ್ನು ಮಕ್ಕಳಿಗೆ ಸ್ವಂತ ಬುದ್ಧಿಯಿಂದ ಹಾಕಕೂಡದು. ಸ್ಪೈನಾ ಬೈಫಿಡಾದ ಮಕ್ಕಳಲ್ಲಿ ಅನೇಕರಿಗೆ ರಬ್ಬರಿನ ಲೇಟೆಕ್ಸ್ ಒಗ್ಗುವುದಿಲ್ಲ. ಕೈಗವಸು, ನಳಿಕೆ ಲೇಟೆಕ್ಸ್ ಇಲ್ಲದವೇ ಆಗಿರಲಿ. ತೊಳೆಯುವಾಗ ತೀವ್ರ ನೋವು, ರಕ್ತ, ಅನಂತರ ಜ್ವರ, ಹೊಟ್ಟೆಯುಬ್ಬರ ಕಂಡರೆ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ಖರ್ಚಿಗೆ ಅಂಜಿ ಮನೆಯಲ್ಲೇ ಉಳಿಯುವ ಕುಟುಂಬಗಳಿಗೆ ಒಂದು ದಾರಿಯಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಯುತ್ತದೆ. ಬೆನ್ನುಹುರಿಯ ದೋಷ ಅದರ ಪಟ್ಟಿಯಲ್ಲಿದೆ. ತಂಡ ಅಂಗನವಾಡಿಗೂ ಶಾಲೆಗೂ ಬರುತ್ತದೆ. ಶಾಲೆಗೆ ಹೋಗದ ಮಗುವಿನ ವಿಷಯವನ್ನು ಆಶಾ ಕಾರ್ಯಕರ್ತೆಗೆ ತಿಳಿಸಿದರೆ ಅವರೇ ಜಿಲ್ಲಾ ಆಸ್ಪತ್ರೆಯ ದಾರಿ ತೋರುತ್ತಾರೆ. ಅಂಥ ಮಗುವನ್ನು ಹೆತ್ತ ತಾಯಿ ಮುಂದಿನ ಗರ್ಭಕ್ಕೆ ಮೊದಲೇ, ವೈದ್ಯರ ಸಲಹೆಯಂತೆ, ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ಸೇವಿಸಬೇಕು. ಉಳಿದ ನವವಿವಾಹಿತೆಯರಿಗೆ 400 ಮೈಕ್ರೋಗ್ರಾಂ ಸಾಕು. ಗರ್ಭ ನಿಂತು ಎರಡನೆಯ ತಿಂಗಳಲ್ಲಿ ಮಾತ್ರೆ ತೊಡಗಿದರೆ ತಡವಾಗಿರುತ್ತದೆ, ಏಕೆಂದರೆ ಮೊದಲ ನಾಲ್ಕು ವಾರಗಳಲ್ಲಿಯೇ ಶಿಶುವಿನ ಬೆನ್ನುಹುರಿ ಮುಚ್ಚಿಕೊಳ್ಳುತ್ತದೆ.