ಲೆಗ್ ಕೊಡುವವರು ಒಬ್ಬರು, ಹಿಂತೆಗೆಯುವವರು ಇನ್ನೊಬ್ಬರು

ಉಮೆಯೊದ ನಮ್ಮವರಲ್ಲಿ ಆರೋಗ್ಯದ ಕೆಲಸಕ್ಕೆ ಬಂದವರು ಬೇರೆ ಬೇರೆ ಕಡೆ ಹಂಚಿಹೋಗಿದ್ದಾರೆ. ಕೆಲವರು ನೊರ್ಲಾಂಡ್ ವಿಶ್ವವಿದ್ಯಾಲಯದ ದೊಡ್ಡಾಸ್ಪತ್ರೆಯಲ್ಲಿದ್ದಾರೆ, ಕೆಲವರು ಕೊಮ್ಯೂನ್ ನಡೆಸುವ ವೃದ್ಧರ ಮನೆಗಳಲ್ಲಿ, ಇನ್ನು ಕೆಲವರು ಮನೆಮನೆಗೆ ಹೋಗಿ ಹಿರಿಯರನ್ನು ನೋಡಿಕೊಳ್ಳುವ ಕೆಲಸದಲ್ಲಿ. ಊರಲ್ಲಿ ನರ್ಸಿಂಗ್ ಮುಗಿಸಿ ಬಂದು, ಇಲ್ಲಿ ಸ್ವೀಡಿಷ್ ಕಲೀತಾ ಪರೀಕ್ಷೆಗೆ ಕಾಯ್ತಾ ಇರೋರೂ ಇದ್ದಾರೆ. ಎಲ್ಲಿ ನಾಲ್ಕು ಜನ ಸೇರಿದರೂ ನಾವು ಕೇಳುವ ಮಾತು ಒಂದೇ: ‘ಕೆಲಸದಲ್ಲಿ ಏನಾದ್ರೂ ಎಡವಟ್ಟಾದ್ರೆ ನಮ್ಮ ಗತಿ ಏನು? ಮ್ಯಾನೇಜರ್ ಒಂದು ಮೇಲ್ ಹಾಕಿದ್ರೆ ಲೆಗ್ ಹೋಗುತ್ತಾ?’

ಹೋಗಲ್ಲ. ಮ್ಯಾನೇಜರ್ ಕೈಯಲ್ಲಿ ಅದು ಇಲ್ಲ. ಆಸ್ಪತ್ರೆಯ ನಿರ್ದೇಶಕರ ಕೈಯಲ್ಲೂ ಇಲ್ಲ. ನಿಮಗೆ ಲೆಗ್ ಕೊಟ್ಟ ಇಲಾಖೆಯ ಕೈಯಲ್ಲೂ ಇಲ್ಲ. ಇದು ಕೇಳೋಕೆ ವಿಚಿತ್ರ ಅನಿಸಬಹುದು. ಆದರೆ ಸ್ವೀಡನ್ನಿನ ವ್ಯವಸ್ಥೆಯ ಗುಟ್ಟೇ ಇದು: ಕೊಡುವ ಕೈ, ನೋಡುವ ಕಣ್ಣು, ತೀರ್ಪು ಹೇಳುವ ಬಾಯಿ ಮೂರನ್ನೂ ಬೇರೆ ಬೇರೆ ಇಟ್ಟಿದ್ದಾರೆ. ಈ ಮೂವರು ಯಾರು, ಅವರನ್ನು ನೇಮಿಸುವವರು ಯಾರು, ಅವರ ಮೇಲೆ ಯಾರು ಅನ್ನೋದನ್ನು ಈ ತಿಂಗಳು ಬಿಡಿಸಿ ಹೇಳುತ್ತೇವೆ.

ಮೊದಲನೆಯ ಬಾಗಿಲು: ಕೊಡುವವರು

ನಾವು ಬಾಯಿಮಾತಲ್ಲಿ ಲೆಗ್ ಅನ್ನೋದು ‘ಲೆಗಿಟಿಮಾಶೂನ್’, ಅಂದರೆ ವೃತ್ತಿ ನಡೆಸುವ ಪರವಾನಗಿ. ವೈದ್ಯರು, ನರ್ಸ್, ಸೂಲಗಿತ್ತಿ, ದಂತವೈದ್ಯರು, ಫಿಸಿಯೊಥೆರಪಿಸ್ಟ್, ಫಾರ್ಮಸಿಸ್ಟ್, ಲ್ಯಾಬ್‌ನವರು, ಮನಶ್ಶಾಸ್ತ್ರಜ್ಞರು ಹೀಗೆ ಒಟ್ಟು 22 ವೃತ್ತಿಗಳಿಗೆ ಇದು ಇದೆ. ಕೊಡುವುದು ಸೂಸಿಯಾಲ್‌ಸ್ಟ್ಯೂರೆಲ್ಸೆನ್ ಅನ್ನುವ ರಾಷ್ಟ್ರೀಯ ಇಲಾಖೆ.

ಭಾರತದಲ್ಲಿ ಓದಿ ಬಂದವರ ದಾರಿ ಉದ್ದ. ಮೊದಲು ಇಲಾಖೆ ನಿಮ್ಮ ಓದನ್ನು ತೂಗಿ ನೋಡುತ್ತದೆ. ಆಮೇಲೆ ಜ್ಞಾನಪರೀಕ್ಷೆ, ಸಿ-1 ಮಟ್ಟದ ಸ್ವೀಡಿಷ್, ಇಲ್ಲಿನ ಕಾನೂನುಗಳ ಕೋರ್ಸ್, ಕೆಲಸದ ತರಬೇತಿ. ಯುರೋಪಿಯನ್ ಒಕ್ಕೂಟದ ಹೊರಗೆ ಓದಿದ ವೈದ್ಯರ ಜ್ಞಾನಪರೀಕ್ಷೆ ನಡೆಸುವ ಹೊಣೆ ನಮ್ಮ ಉಮೆಯೊ ವಿಶ್ವವಿದ್ಯಾಲಯದ್ದೇ. ನರ್ಸ್‌ಗಳದ್ದು ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ್ದು. ಇಲ್ಲೂ ಗಮನಿಸಿ: ಪರೀಕ್ಷೆ ಮಾಡುವವರು ಬೇರೆ, ಲೆಗ್ ಕೊಡುವವರು ಬೇರೆ. ಪರೀಕ್ಷಕರಿಗೆ ನಿಮ್ಮ ಮುಖ ಹಿಡಿಸಲಿಲ್ಲ ಅಂತ ಲೆಗ್ ನಿಲ್ಲುವುದಿಲ್ಲ. ಪರಿಚಯ ಇದೆ ಅಂತ ಸಿಗುವುದೂ ಇಲ್ಲ. ಇಲಾಖೆ ಅರ್ಜಿ ತಿರಸ್ಕರಿಸಿದರೆ ಆಡಳಿತ ನ್ಯಾಯಾಲಯಕ್ಕೆ ಮೇಲ್ಮನವಿ ಹಾಕಬಹುದು.

ಸಹಾಯಕ ನರ್ಸ್ ಕೆಲಸದಲ್ಲಿರೋರಿಗೆ ಒಂದು ಮಾತು. ‘ಉಂಡರ್‌ಶೋಟರ್ಸ್ಕ’ ಅನ್ನುವ ಹುದ್ದೆಹೆಸರಿಗೆ 2023ರ ಜುಲೈ 1ರಿಂದ ಕಾನೂನಿನ ರಕ್ಷಣೆ ಬಂದಿದೆ. ಅದು ಲೆಗ್ ಅಲ್ಲ, ಆದರೆ ಸೂಸಿಯಾಲ್‌ಸ್ಟ್ಯೂರೆಲ್ಸೆನ್‌ನ ಪ್ರಮಾಣಪತ್ರ ಇಲ್ಲದೆ ಆ ಹೆಸರು ಹಾಕಿಕೊಳ್ಳುವ ಹಾಗಿಲ್ಲ. ಆ ದಿನ ಅದೇ ಹೆಸರಿನ ಕಾಯಂ ಕೆಲಸದಲ್ಲಿದ್ದವರಿಗೆ ಮಾತ್ರ ಹತ್ತು ವರ್ಷದ ರಿಯಾಯಿತಿ ಇದೆ.

ಎರಡನೆಯ ಬಾಗಿಲು: ನೋಡುವವರು

ಲೆಗ್ ಸಿಕ್ಕಿತು, ಕೆಲಸ ಶುರುವಾಯಿತು. ಈಗ ನಿಮ್ಮ ಮೇಲೂ ನಿಮ್ಮ ಆಸ್ಪತ್ರೆಯ ಮೇಲೂ ಕಣ್ಣಿಡುವವರು ಇವೋ. ಆರೋಗ್ಯ ಮತ್ತು ಆರೈಕೆಯ ತಪಾಸಣಾ ಇಲಾಖೆ ಅಂತ ಅದರ ಅರ್ಥ. 2013ರ ಜೂನ್ 1ಕ್ಕೆ ಮೊದಲು ಈ ಕೆಲಸವೂ ಸೂಸಿಯಾಲ್‌ಸ್ಟ್ಯೂರೆಲ್ಸೆನ್‌ದೇ ಆಗಿತ್ತು. ನಿಯಮ ಬರೆಯುವವರೇ, ಲೆಗ್ ಕೊಡುವವರೇ ತಪಾಸಣೆಯನ್ನೂ ಮಾಡುವುದು ಸರಿಯಲ್ಲ ಅಂತ ಅಂದು ಅದನ್ನು ಒಡೆದು ಬೇರೆ ಇಲಾಖೆ ಮಾಡಿದರು. ಇವೋದ ಕಚೇರಿಗಳಲ್ಲಿ ಒಂದು ಉಮೆಯೊದಲ್ಲೇ ಇದೆ.

ಲೆಗ್ ಇರುವ ಯಾರಾದರೂ ರೋಗಿಗಳಿಗೆ ಅಪಾಯ ತರಬಹುದು ಅನ್ನುವುದಕ್ಕೆ ಕಾರಣ ಇದ್ದರೆ, ಅದನ್ನು ಇವೋಗೆ ತಿಳಿಸುವುದು ಮಾಲೀಕರ ಕರ್ತವ್ಯ. ಮ್ಯಾನೇಜರ್‌ಗೆ ಇರುವ ಅಧಿಕಾರ ಅಷ್ಟೇ: ತಿಳಿಸುವುದು. ಇವೋ ಕಾಗದಪತ್ರ ತರಿಸಿಕೊಂಡು, ನಿಮ್ಮ ಮಾತನ್ನೂ ಕೇಳಿ ತನಿಖೆ ಮಾಡುತ್ತದೆ. ಲೆಗ್‌ಗೆ ಕೈ ಹಾಕಲೇಬೇಕು ಅನಿಸಿದರೂ ಇವೋ ತಾನೇ ಹಾಕುವ ಹಾಗಿಲ್ಲ. ಅರ್ಜಿ ಬರೆದು ಮೂರನೆಯ ಬಾಗಿಲು ಬಡಿಯಬೇಕು.

ಮೂರನೆಯ ಬಾಗಿಲು: ತೀರ್ಪು ಹೇಳುವವರು

ಇದೇ ಆರೋಗ್ಯ ವೃತ್ತಿಯ ಹೊಣೆಗಾರಿಕೆ ಮಂಡಳಿ. ಸ್ವೀಡಿಷ್‌ನಲ್ಲಿ ಅನ್ಸ್ವಾರ್ಸ್‌ನೆಮ್ಡ್ ಅನ್ನುತ್ತಾರೆ. ಒಬ್ಬ ಅಧ್ಯಕ್ಷರು, ಎಂಟು ಜನ ಸದಸ್ಯರು. ಅಧ್ಯಕ್ಷರು ನ್ಯಾಯಾಧೀಶರಾಗಿ ಅನುಭವ ಇರುವ ಕಾನೂನು ಬಲ್ಲವರಾಗಿರಬೇಕು, ಡಾಕ್ಟರಾಗಿರಬೇಕು ಅಂತಿಲ್ಲ. ಉಳಿದವರಿಗೆ ಆರೋಗ್ಯ ಕ್ಷೇತ್ರದ ಒಳಹೊರಗು ಗೊತ್ತಿರಬೇಕು. ಎಲ್ಲರನ್ನೂ ನಿಗದಿತ ಅವಧಿಗೆ ಸರ್ಕಾರ ನೇಮಿಸುತ್ತದೆ. ಇಲ್ಲಿ ವೃತ್ತಿಯವರ ಮತದಾನ ಇಲ್ಲ, ಪ್ಯಾನೆಲ್ ಇಲ್ಲ, ಪ್ರಚಾರ ಇಲ್ಲ.

ಮಂಡಳಿಯ ಅಧಿಕಾರವನ್ನೂ ಕಾನೂನು ಎಣಿಸಿ ಕೊಟ್ಟಿದೆ. ಕೆಲಸದಲ್ಲಿ ಕೌಶಲ ಸಾಲದು ಅಂತ ಕಂಡರೆ ಮೂರು ವರ್ಷದ ಪರೀಕ್ಷಾವಧಿ ಹಾಕಬಹುದು. ಆ ಅವಧಿಯಲ್ಲಿ ಏನೇನು ಸುಧಾರಿಸಬೇಕು ಅನ್ನುವ ಯೋಜನೆಯನ್ನೂ ಜೊತೆಗೆ ಕೊಡಬಹುದು. ತೀರಾ ಗಂಭೀರವಾದ ಅಸಮರ್ಥತೆ, ವೃತ್ತಿಯ ಮೇಲಿನ ನಂಬಿಕೆ ಕಳೆಯುವಂಥ ದೊಡ್ಡ ಅಪರಾಧ, ಕೆಲಸ ಮಾಡಲಾಗದಂಥ ಕಾಯಿಲೆ, ಇಂಥವಿದ್ದರೆ ಲೆಗ್ ಹಿಂತೆಗೆದುಕೊಳ್ಳಬಹುದು. ಔಷಧ ಬರೆಯುವ ಹಕ್ಕನ್ನು ದುರುಪಯೋಗ ಮಾಡಿಕೊಂಡವರಿಗೆ ಆ ಹಕ್ಕನ್ನು ಮಾತ್ರ ಮೊಟಕು ಮಾಡಬಹುದು. ಹಿಂದೆ ಲೆಗ್ ಕಳೆದುಕೊಂಡವರು ಮತ್ತೆ ಬೇಕು ಅಂತ ಕೇಳಿದರೆ ಅದನ್ನು ತೀರ್ಮಾನಿಸುವುದೂ ಇದೇ ಮಂಡಳಿ.

ವಿಚಾರಣೆ ಹೆಚ್ಚಾಗಿ ಬರಹದಲ್ಲೇ ನಡೆಯುತ್ತದೆ. ನಿಮ್ಮ ವಿರುದ್ಧ ಬಂದ ಕಾಗದವೆಲ್ಲ ನಿಮಗೆ ಸಿಗಬೇಕು, ಉತ್ತರ ಕೊಡಲು ಸಮಯ ಸಿಗಬೇಕು. ಬೇಕಾದಾಗ ಎದುರುಬದುರು ಕೂತು ಮಾತಾಡುವ ವಿಚಾರಣೆಯನ್ನೂ ಮಂಡಳಿ ಇಡಬಹುದು. ಭಾಷೆ ತೊಡಕಾದರೆ ದುಭಾಷಿ ಬೇಕು ಅಂತ ಕೇಳಿ. ಸರ್ಕಾರಿ ಇಲಾಖೆಗಳು ಅಗತ್ಯ ಬಿದ್ದಾಗ ದುಭಾಷಿಯನ್ನು ಒದಗಿಸಬೇಕು ಅಂತ ಇಲ್ಲಿನ ಆಡಳಿತ ಕಾನೂನೇ ಹೇಳುತ್ತದೆ. ಮಂಡಳಿಯ ತೀರ್ಪು ಒಪ್ಪಿಗೆಯಾಗದಿದ್ದರೆ ಅದು ಕೈಗೆ ಬಂದ ಮೂರು ವಾರದೊಳಗೆ ಆಡಳಿತ ನ್ಯಾಯಾಲಯಕ್ಕೆ ಮೇಲ್ಮನವಿ ಹೋಗಬೇಕು. ಈ ಮೂರು ವಾರವನ್ನು ಮರೆಯಬೇಡಿ. ಸ್ವೀಡಿಷ್‌ನಲ್ಲಿ ಬಂದ ಉದ್ದನೆಯ ಪತ್ರವನ್ನು ‘ಆಮೇಲೆ ನೋಡೋಣ’ ಅಂತ ಮೇಜಿನ ಮೇಲೆ ಇಟ್ಟರೆ ದಿನ ಜಾರಿಹೋಗುತ್ತದೆ.

ಈ ಬೇಲಿ ಒಂದು ದಿನದಲ್ಲಿ ಕಟ್ಟಿದ್ದಲ್ಲ

1663ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಕೊಲೇಗಿಯುಂ ಮೆಡಿಕುಂ ಅನ್ನುವ ವೈದ್ಯರ ಕೂಟ ಶುರುವಾಯಿತು. ಆಗ ವೈದ್ಯರ ಮೇಲೆ ವೈದ್ಯರದೇ ಕಾವಲು. ಅದೇ ಕೂಟ 1813ರಲ್ಲಿ ರೂಪ ಬದಲಿಸಿತು, 1878ರಲ್ಲಿ ಮತ್ತೊಮ್ಮೆ ಬದಲಾಯಿತು, 1968ರಲ್ಲಿ ಇಂದಿನ ಸೂಸಿಯಾಲ್‌ಸ್ಟ್ಯೂರೆಲ್ಸೆನ್‌ನಲ್ಲಿ ಸೇರಿಹೋಯಿತು. ಈಗಿನ ಹೆಸರಿನ ಹೊಣೆಗಾರಿಕೆ ಮಂಡಳಿ 1980ರ ದಶಕದ ಆರಂಭದಿಂದ ಇದೆ.

ಮೊದಲು ಅದು ರೋಗಿಗಳ ದೂರನ್ನು ನೇರವಾಗಿ ತೆಗೆದುಕೊಂಡು ನರ್ಸ್‌ಗೋ ಡಾಕ್ಟರಿಗೋ ಎಚ್ಚರಿಕೆ ಕೊಡುತ್ತಿತ್ತು. 2011ರ ಜನವರಿ 1ಕ್ಕೆ ರೋಗಿ ಸುರಕ್ಷತಾ ಕಾನೂನು ಬಂದಾಗ ಆ ಎಚ್ಚರಿಕೆ ಪದ್ಧತಿಯನ್ನೇ ತೆಗೆದುಹಾಕಿದರು. ಕಾರಣ ಸರಳ. ತಪ್ಪಾದಾಗ ಒಬ್ಬರ ಕಿವಿ ಹಿಂಡಿ ಕಳಿಸಿದರೆ ಉಳಿದವರು ತಮ್ಮ ತಪ್ಪನ್ನು ಮುಚ್ಚಿಡಲು ಕಲಿಯುತ್ತಾರೆ; ಅದೇ ತಪ್ಪು ಮುಂದಿನ ವಾರ್ಡಿನಲ್ಲಿ ಮತ್ತೆ ಆಗುತ್ತದೆ. ಹಾಗಾಗಿ ಶಿಕ್ಷೆಗಿಂತ ಸುರಕ್ಷತೆ ಮುಖ್ಯ ಅಂತ ಮಂಡಳಿಯ ಕೆಲಸವನ್ನು ಕಿರಿದು ಮಾಡಿದರು.

ಇದಕ್ಕೆ ಇನ್ನೊಂದು ಮುಖವೂ ಇದೆ, ಅದನ್ನು ಮುಚ್ಚಿಡಬಾರದು. ನೋವುಂಡ ರೋಗಿ ಈಗ ಮಂಡಳಿಯ ಬಾಗಿಲಿಗೆ ನೇರವಾಗಿ ಹೋಗಲಾರ. 2018ರಿಂದ ದೂರನ್ನು ಮೊದಲು ಆಸ್ಪತ್ರೆಗೇ ಹೇಳಬೇಕು. ಸಹಾಯಕ್ಕೆ ಪ್ರತಿ ಪ್ರಾಂತದಲ್ಲೂ, ನಮ್ಮ ವೆಸ್ಟರ್‌ಬೊಟೆನ್‌ನಲ್ಲೂ, ರೋಗಿಗಳ ಸಮಿತಿ ಇದೆ. ಇವೋ ತನಿಖೆಗೆ ಎತ್ತಿಕೊಳ್ಳುವುದು ಮುಖ್ಯವಾಗಿ ಗಂಭೀರ ಹಾನಿಯ ದೂರುಗಳನ್ನು. ನಾವೂ ನಮ್ಮ ಮಕ್ಕಳೂ ಇಲ್ಲಿ ರೋಗಿಗಳೇ. ದೂರು ಕೊಡಬೇಕಾದಾಗ ಈ ದಾರಿ ಉದ್ದ ಅನಿಸುವುದು ಸಹಜ.

ಊರಿನ ಕಥೆ

ನಮ್ಮ ಕಡೆ ಲೆಕ್ಕ ಬೇರೆ. ಬೆಂಗಳೂರಿನ ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ 1961ರ ಕಾಯ್ದೆ ಆಧಾರ. ವೈದ್ಯರ ಹೆಸರು ನೋಂದಾಯಿಸುವುದೂ ಅದೇ, ಅವರ ಮೇಲಿನ ದೂರು ಕೇಳಿ ತೀರ್ಮಾನಿಸುವುದೂ ಅದೇ. ವೈದ್ಯರು ಮತ ಹಾಕಿ ಕಳಿಸಿದ ಸದಸ್ಯರು ಅದರಲ್ಲಿ ಕೂರುತ್ತಾರೆ. ರೋಗಿ ನೇರವಾಗಿ ದೂರು ಕೊಡಬಹುದು ಅನ್ನುವುದು ಅದರ ಒಳ್ಳೆಯ ಗುಣ. ಆದರೆ ಕೋಳಿ ಕೇಳಿ ಮಸಾಲೆ ಅರೆಯೋಕಾಗುತ್ತಾ ಅನ್ನುವ ಗುಮಾನಿ ಜನರಲ್ಲಿ ಹೋಗುವುದಿಲ್ಲ.

ದೆಹಲಿಯಲ್ಲಿ ಈ ಗುಮಾನಿ ನಿಜವೇ ಆಯಿತು. ಚುನಾಯಿತ ಸದಸ್ಯರು ತುಂಬಿದ್ದ ಭಾರತೀಯ ವೈದ್ಯಕೀಯ ಪರಿಷತ್ತಿನ ಅಧ್ಯಕ್ಷರೇ 2010ರಲ್ಲಿ ಲಂಚದ ಆರೋಪದ ಮೇಲೆ ಬಂಧನವಾದರು. ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಪರಿಷತ್ತನ್ನು ವಿಸರ್ಜಿಸಿತು. ಕೊನೆಗೆ 2020ರ ಸೆಪ್ಟೆಂಬರ್ 25ರಂದು ಅದರ ಜಾಗಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂತು. ಅದರಲ್ಲಿ 33 ಸದಸ್ಯರು. ಕೆಳಗೆ ಪದವಿ ಶಿಕ್ಷಣ, ಸ್ನಾತಕೋತ್ತರ ಶಿಕ್ಷಣ, ಕಾಲೇಜುಗಳ ಮೌಲ್ಯಮಾಪನ, ನೀತಿ ಮತ್ತು ನೋಂದಣಿ ಅಂತ ನಾಲ್ಕು ಪ್ರತ್ಯೇಕ ಮಂಡಳಿಗಳು. ಬೇಲಿಯೇ ಎದ್ದು ಹೊಲ ಮೇಯದಿರಲಿ ಅಂತ ಅಲ್ಲೂ ಕೆಲಸಗಳನ್ನು ಒಡೆದು ಹಂಚಿದ್ದಾರೆ. ನೇಮಕವೆಲ್ಲ ಸರ್ಕಾರದ ಕೈಗೆ ಹೋಯಿತು ಅನ್ನುವ ವೈದ್ಯರ ಅಸಮಾಧಾನವೂ ಇದೆ.

ಇಂಗ್ಲೆಂಡಿನಲ್ಲಿ ಇರುವ ನಮ್ಮ ನೆಂಟರನ್ನು ಕೇಳಿದರೆ ಮೂರನೆಯ ದಾರಿ ಹೇಳುತ್ತಾರೆ. ಅಲ್ಲಿ ವೈದ್ಯರ ಪರಿಷತ್ತಿನಲ್ಲಿ 12 ಜನ. ಅರ್ಧ ವೈದ್ಯರು, ಅರ್ಧ ವೃತ್ತಿಯ ಹೊರಗಿನವರು. ನರ್ಸ್‌ಗಳ ಪರಿಷತ್ತಿನಲ್ಲೂ ಹಾಗೇ.

ದಾರಿ ಮೂರು ಇದ್ದರೂ ಕೇಳಬೇಕಾದ ಪ್ರಶ್ನೆಗಳು ಅವೇ. ಮಂಡಳಿಯಲ್ಲಿ ಕೂರುವವರನ್ನು ನೇಮಿಸುವವರು ಯಾರು? ಆರೋಪ ಹೊರಿಸಿದವರೇ ತೀರ್ಪೂ ಕೊಡುತ್ತಾರಾ? ತೀರ್ಪಿನ ಮೇಲೆ ಇನ್ನೊಂದು ಬಾಗಿಲು ಇದೆಯಾ?

ನಮ್ಮ ಪಾಲಿಗೆ ಇದರ ಅರ್ಥ ಏನು

ಇದನ್ನೆಲ್ಲ ಬರೆಯಲು ಒಂದು ಕಾರಣವಿದೆ. ಕೆಲಸದ ಪರ್ಮಿಟ್ ಮಾಲೀಕನ ಜೊತೆ ಅಂಟಿಕೊಂಡಿರುವವರು ಬಾಯಿ ಬಿಡಲು ಹೆದರುತ್ತಾರೆ. ವೃದ್ಧರ ಮನೆಯಲ್ಲಿ ರಾತ್ರಿ ಪಾಳಿಗೆ ಜನ ಸಾಲದು, ಅಜ್ಜಿಯೊಬ್ಬರು ಬಿದ್ದರು, ಮಾತ್ರೆ ಅದಲುಬದಲಾಯಿತು. ಹೇಳಿದರೆ ನಮ್ಮ ತಲೆಗೇ ಬರುತ್ತದೆ ಅಂತ ಸುಮ್ಮನಾಗುತ್ತಾರೆ.

ಈ ದೇಶದ ಎರಡು ಕಾನೂನುಗಳ ಹೆಸರು ನೆನಪಿಡಿ. ಒಂದು ಲೆಕ್ಸ್ ಮರಿಯ. 1936ರಲ್ಲಿ ಸ್ಟಾಕ್‌ಹೋಮ್‌ನ ಮರಿಯ ಆಸ್ಪತ್ರೆಯಲ್ಲಿ ಅರಿವಳಿಕೆಯ ಬದಲು ಕ್ರಿಮಿನಾಶಕ ದ್ರಾವಣ ಚುಚ್ಚಿ ನಾಲ್ವರು ರೋಗಿಗಳು ಸತ್ತರು. ಅದರ ಮರುವರ್ಷ ಬಂದ ನಿಯಮ ಇದು: ಗಂಭೀರ ಹಾನಿಯಾದರೆ, ಆಗುವ ಸಂಭವ ಇದ್ದರೂ, ಆಸ್ಪತ್ರೆಯೇ ವರದಿ ಮಾಡಬೇಕು. ಇನ್ನೊಂದು ಲೆಕ್ಸ್ ಸಾರಾ. ಅದಕ್ಕೆ ಹೆಸರು ಕೊಟ್ಟ ಸಾರಾ ವೆಗ್ನೆರ್ಟ್ ಡಾಕ್ಟರಲ್ಲ, ಮಂತ್ರಿಯಲ್ಲ. ಸೋಲ್ನಾದ ವೃದ್ಧರ ಮನೆಯೊಂದರಲ್ಲಿ ಸಹಾಯಕ ನರ್ಸ್. 1997ರಲ್ಲಿ ಅಲ್ಲಿನ ಹಿರಿಯರ ದುಸ್ಥಿತಿಯನ್ನು ಅವರು ಬಹಿರಂಗವಾಗಿ ಹೇಳಿದರು. ಎರಡು ವರ್ಷದಲ್ಲಿ ಕಾನೂನು ಬಂತು. ಇಂದು ಹಿರಿಯರ ಆರೈಕೆಯಲ್ಲಿರುವ ಪ್ರತಿಯೊಬ್ಬರೂ, ತರಬೇತಿಗೆ ಬಂದವರೂ, ಕಂಡ ಕೊರತೆಯನ್ನು ಮೇಲಿನವರಿಗೆ ತಿಳಿಸಲೇಬೇಕು. ಹೇಳುವುದು ಧೈರ್ಯದ ಪ್ರಶ್ನೆಯಲ್ಲ, ಕೆಲಸದ ಭಾಗ. ಕೆಲಸದ ಜಾಗದ ಗಂಭೀರ ಅಕ್ರಮವನ್ನು ಬಯಲು ಮಾಡಿದವರ ಮೇಲೆ ಹಗೆ ತೀರಿಸಿಕೊಳ್ಳಬಾರದು ಅನ್ನುವ ಹೊಸ ಕಾನೂನು 2021ರ ಡಿಸೆಂಬರ್ 17ರಿಂದ ಜಾರಿಯಲ್ಲಿದೆ.

ಕೆಲಸದಿಂದ ತೆಗೆಯೋದು ಬೇರೆ, ಲೆಗ್ ತೆಗೆಯೋದು ಬೇರೆ ಅನ್ನೋದನ್ನೂ ತಿಳಿದಿರಿ. ಮೊದಲನೆಯದು ಮಾಲೀಕನ ಜೊತೆಗಿನ ಜಗಳ. ಅದಕ್ಕೆ ಯೂನಿಯನ್ ಬೇಕು. ಸಹಾಯಕ ನರ್ಸ್‌ಗಳಿಗೆ ಕೊಮ್ಯುನಾಲ್, ನರ್ಸ್‌ಗಳಿಗೆ ವೋರ್ಡ್‌ಫೊರ್ಬುಂದೆತ್, ವೈದ್ಯರಿಗೆ ಲೆಕಾರ್‌ಫೊರ್ಬುಂದೆತ್ ಇವೆ. ತೊಂದರೆ ಬಂದಮೇಲೆ ಸೇರೋಣ ಅನ್ನಬೇಡಿ, ಮೊದಲೇ ಸೇರಿ.

ಕೆಲಸದಲ್ಲಿ ಏನೇ ನಡೆದರೂ ಅದೇ ದಿನ ರೋಗಿಯ ದಾಖಲೆಯಲ್ಲಿ ಬರೆಯಿರಿ, ವರದಿ ಹಾಕಿ. ನಿಮ್ಮ ವರದಿ ಯಾವ ದಿನ ಹೋಯಿತು ಅನ್ನೋದನ್ನು ಗುರುತು ಹಾಕಿಟ್ಟುಕೊಳ್ಳಿ, ಆದರೆ ರೋಗಿಯ ಹೆಸರು, ವಿವರ ಮನೆಗೆ ತರಬೇಡಿ. ಇವೋ ಅಥವಾ ಮಂಡಳಿಯಿಂದ ಪತ್ರ ಬಂದರೆ ಒಬ್ಬರೇ ಕೂತು ಕೊರಗಬೇಡಿ. ಆ ದಿನವೇ ಯೂನಿಯನ್‌ಗೆ ಫೋನ್ ಮಾಡಿ, ಉತ್ತರದ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಬರೆದುಕೊಳ್ಳಿ. ಮಂಡಳಿಯ ಆ ಒಂಬತ್ತು ಜನ ನಿಮ್ಮನ್ನು ಕಂಡವರಲ್ಲ. ಅವರು ನೋಡುವುದು ಕಾಗದವನ್ನು. ಆ ಕಾಗದದಲ್ಲಿ ನಿಮ್ಮ ಮಾತೂ ಇರಬೇಕು.