ಜಮೀನಿನ ಹಕ್ಕು ಮುಂದಿನವರಿಗೆ: ಉಯಿಲು, ದಾನಪತ್ರ, ಟ್ರಸ್ಟ್

ತೆಂಗಿನ ಸಸಿ ಫಲಕ್ಕೆ ಬರಲು ಆರೇಳು ವರ್ಷ ಬೇಕು. ಬದು ಹಾಕಿಸಿದ ಹೊಲದ ಮಣ್ಣು ಸುಧಾರಿಸಲೂ ಕೆಲವು ವರ್ಷ ಹಿಡಿಯುತ್ತದೆ. ನಾಳೆ ಯಾರ ಪಾಲಿಗೆ ಹೋಗುತ್ತದೆಂದು ಇತ್ಯರ್ಥವಾಗದ ಜಮೀನಿನಲ್ಲಿ ಇಂತಹ ಕೆಲಸಕ್ಕೆ ಯಾರೂ ಕೈಹಾಕುವುದಿಲ್ಲ. ತೀರಿಕೊಂಡವರ ಹೆಸರಿನಲ್ಲೇ ಪಹಣಿ ಉಳಿದರೆ ಬೆಳೆ ಸಾಲ, ಬೆಳೆ ಪರಿಹಾರ ಪಡೆಯುವುದೂ ತೊಡಕಾಗುತ್ತದೆ. ಆದ್ದರಿಂದ ಹಿರಿಯರು ಬದುಕಿದ್ದಾಗಲೇ ಮಾಡಬಹುದಾದ ಮೂರು ಏರ್ಪಾಡುಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಜಮೀನು ಯಾವ ಬಗೆಯದು?

ಸ್ವಯಾರ್ಜಿತ ಜಮೀನನ್ನು ಹಿಂದೂ ರೈತರು ತಮ್ಮ ಇಚ್ಛೆಯಂತೆ ಯಾರಿಗಾದರೂ ಕೊಡಬಹುದು. ಪಿತ್ರಾರ್ಜಿತ ಅವಿಭಕ್ತ ಜಮೀನಾದರೆ ಉಯಿಲಿನಲ್ಲಿ ತಮ್ಮ ಪಾಲನ್ನು ಮಾತ್ರ ಬರೆಯಬಹುದು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿಯಂತೆ ಇಂತಹ ಜಮೀನಿನಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕಿದೆ. ಆ ದಿನ ತಂದೆ ಬದುಕಿರಬೇಕಾಗಿಲ್ಲವೆಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ಮುಸ್ಲಿಂ ರೈತರು ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಆಸ್ತಿಗೆ ಉಯಿಲು ಮಾಡುವಂತಿಲ್ಲ.

1. ಉಯಿಲು (ಮರಣಶಾಸನ)

ಇದು ಕಡಿಮೆ ಖರ್ಚಿನ ದಾರಿ. ಛಾಪಾ ಕಾಗದ ಬೇಕಿಲ್ಲ; ನೋಂದಣಿ ಕಡ್ಡಾಯವಲ್ಲ, ಆದರೂ ಮಾಡಿಸುವುದು ಉತ್ತಮ. ಕನಿಷ್ಠ ಇಬ್ಬರು ಸಾಕ್ಷಿಗಳು ಸಹಿ ಹಾಕಲೇಬೇಕು. ಆಸ್ತಿ ಪಡೆಯುವವರನ್ನೇ ಸಾಕ್ಷಿ ಮಾಡಬಾರದು. ಬರೆದವರು ಬದುಕಿರುವವರೆಗೆ ಜಮೀನು ಅವರದೇ. ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಆದರೆ ಅವರ ಕಾಲಾನಂತರವೇ ಅದು ಜಾರಿಗೆ ಬರುವುದರಿಂದ, ತಕರಾರು ಎದ್ದಾಗ ಉತ್ತರ ಹೇಳಲು ಅವರಿರುವುದಿಲ್ಲ.

2. ದಾನಪತ್ರ

ಇದನ್ನು ನೋಂದಾಯಿಸಲೇಬೇಕು. ದಾನ ಪಡೆಯುವವರು ದಾನಿ ಬದುಕಿರುವಾಗಲೇ ಅದನ್ನು ಸ್ವೀಕರಿಸಬೇಕು. ಹಕ್ಕು ಕೂಡಲೇ ವರ್ಗವಾಗುತ್ತದೆ. ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಹಿರಿಯರು ಎಡವುವುದು ಇಲ್ಲಿಯೇ. ಎಲ್ಲವನ್ನೂ ಮಗನಿಗೆ ಬರೆದುಕೊಟ್ಟು, ಆಮೇಲೆ ಊಟಕ್ಕೂ ಕೈಯೊಡ್ಡುವ ಸ್ಥಿತಿ ಬರಬಾರದು. 60 ವರ್ಷ ದಾಟಿದವರು, ತಮ್ಮನ್ನು ನೋಡಿಕೊಳ್ಳಬೇಕೆಂಬ ಷರತ್ತನ್ನು ಪತ್ರದಲ್ಲಿಯೇ ಬರೆಸಬೇಕು. ಷರತ್ತು ಮುರಿದರೆ, 2007ರ ಹಿರಿಯ ನಾಗರಿಕರ ಕಾಯಿದೆಯ 23ನೇ ಕಲಮಿನಂತೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಿ ದಾನಪತ್ರ ರದ್ದು ಮಾಡಿಸಲು ಅವಕಾಶವಿದೆ. ಬಾಯಿಮಾತಿನ ಭರವಸೆಯನ್ನು ಅಲ್ಲಿ ರುಜುವಾತು ಮಾಡುವುದು ಕಷ್ಟ.

3. ಖಾಸಗಿ ಟ್ರಸ್ಟ್

1882ರ ಟ್ರಸ್ಟ್ ಕಾಯಿದೆಯಂತೆ, ಬದುಕಿರುವಾಗಲೇ ಆಸ್ತಿಯನ್ನು ನಂಬಿಕಸ್ಥರಾದ ಟ್ರಸ್ಟಿಗಳ ವಶಕ್ಕೆ ಕೊಟ್ಟು, ಅದರ ಫಲ ಯಾರಿಗೆ, ಹೇಗೆ ಸಲ್ಲಬೇಕೆಂದು ಪತ್ರದಲ್ಲಿ ಬರೆಯಬಹುದು. ಸ್ಥಿರಾಸ್ತಿಯಾದರೆ ನೋಂದಣಿ ಅಗತ್ಯ. ರದ್ದುಮಾಡುವ ಅಧಿಕಾರ ತಮಗಿರಬೇಕೆಂದರೆ ಅದನ್ನು ಪತ್ರದಲ್ಲಿ ಸ್ಪಷ್ಟವಾಗಿ ಕಾಣಿಸಬೇಕು.

ಒಬ್ಬ ರೈತರಿಗೆ ಬುದ್ಧಿ ಬೆಳವಣಿಗೆ ಕುಂಠಿತವಾದ ಮಗನಿದ್ದಾನೆಂದು ಭಾವಿಸೋಣ. ಅವನ ಹೆಸರಿಗೆ ತೋಟ ಬರೆದರೂ ಅವನು ಅದನ್ನು ನಡೆಸಲಾರ. ಟ್ರಸ್ಟ್ ಇದ್ದರೆ ತಂದೆಯ ಕಾಲಾನಂತರವೂ ಟ್ರಸ್ಟಿಗಳು ತೋಟ ನೋಡಿಕೊಂಡು, ಆದಾಯವನ್ನು ಅವನ ಊಟ, ಔಷಧಿಗೆ ಬಳಸುತ್ತಾರೆ. ನಿರ್ವಹಣೆ ಒಂದು ದಿನವೂ ನಿಲ್ಲುವುದಿಲ್ಲ. ಅಪ್ರಾಪ್ತ ಮಕ್ಕಳಿರುವವರಿಗೂ ಇದು ಉಪಯುಕ್ತ. ಆದರೆ ಟ್ರಸ್ಟಿಗಳು ಸರಿಯಾದ ಲೆಕ್ಕ ಇಡಬೇಕು, ಖರ್ಚೂ ಇದೆ. ಒಂದೆರಡು ಎಕರೆಯ ಸಾಮಾನ್ಯ ಸಂಸಾರಕ್ಕೆ ಉಯಿಲೇ ಸಾಕು.

ನೆನಪಿಡಬೇಕಾದ ಅಂಶಗಳು

* ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ದಾನ ಮಾಡುವುದಾದರೆ ಮೊದಲು 11-ಇ ನಕ್ಷೆ ಮಾಡಿಸಿ.
* ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಪರಭಾರೆ ಮಾಡಲು 1978ರ ಕಾಯಿದೆಯಂತೆ ಸರ್ಕಾರದ ಪೂರ್ವಾನುಮತಿ ಬೇಕು.
* ಹಿರಿಯರು ತೀರಿಕೊಂಡ ಮೇಲೆ ವಿಳಂಬ ಮಾಡದೆ ಪೌತಿ ಖಾತೆಗೆ ಅರ್ಜಿ ಕೊಡಿ.
* ಪತ್ರವನ್ನು ವಕೀಲರಿಂದ ಬರೆಸಿ. ಅದಕ್ಕೂ ಮುನ್ನ, ಕೊಟ್ಟ ಮನೆಯಲ್ಲಿರುವ ಹೆಣ್ಣುಮಕ್ಕಳನ್ನೂ ಕರೆಸಿ ಎಲ್ಲರೆದುರು ವಿಷಯ ತಿಳಿಸಿ. ಮನೆಯ ಜಗಲಿಯ ಮೇಲೆ ಮುಗಿಯುವ ಮಾತು ಕಚೇರಿ ಮೆಟ್ಟಿಲು ಹತ್ತಬೇಕಾಗಿಲ್ಲ.