ವೈದ್ಯರ ತಂಡದೊಡನೆ ಪರದೇಶದ ಹಳ್ಳಿಗೆ: ಸ್ವಯಂಸೇವಕನಿಗೆ ಅಲ್ಲಿ ಏನು ಕೆಲಸ?

ಮದ್ದೂರಿನಲ್ಲಿ ನಮಗೆ ಪರಿಚಯದ ಮನೆಯೊಂದಿದೆ. ಮಗ ಬಿಎಸ್ಸಿ ನರ್ಸಿಂಗ್ ಕೊನೆಯ ವರ್ಷದಲ್ಲಿದ್ದಾನೆ. ಖುತ್ಬಾದಲ್ಲಿ ರೋಗಿಗಳ ಸೇವೆಯ ವಿಷಯ ಕೇಳಿ ಬಂದ ಒಂದು ಶುಕ್ರವಾರ, ಆಫ್ರಿಕಾದ ಹಳ್ಳಿಯೊಂದಕ್ಕೆ ಹೊರಟಿರುವ ವೈದ್ಯರ ತಂಡದ ಜೊತೆ ಹತ್ತು ದಿನ ಹೋಗಿ ಬರುತ್ತೇನೆ ಎಂದ. ತಾಯಿ ಬೇಡ ಎನ್ನಲಿಲ್ಲ. “ನೀನು ಡಾಕ್ಟರಲ್ಲ, ಅಲ್ಲಿಯವರ ಮಾತೂ ಬರಲ್ಲ. ಹೋಗಿ ಏನು ಮಾಡ್ತೀಯ ಬೇಟಾ?” ಎಂದು ಕೇಳಿದರು. ಅವನು ನನ್ನ ಕಡೆ ನೋಡಿದ. ಆ ದಿನ ನನ್ನ ಬಳಿಯೂ ಸರಿಯಾದ ಉತ್ತರ ಇರಲಿಲ್ಲ.

ಇಂಥ ಪ್ರಯಾಣ ನಮ್ಮ ದೇಶಕ್ಕೆ ಹೊಸದಲ್ಲ. 1912ರಲ್ಲಿ ಬಾಲ್ಕನ್ ಯುದ್ಧ ಶುರುವಾದಾಗ ತುರ್ಕಿಯ ಗಾಯಾಳುಗಳಿಗಾಗಿ ಭಾರತದ ಮುಸ್ಲಿಮರು ಹಣ ಕೂಡಿಸಿದರು. ಆ ವರ್ಷದ ಡಿಸೆಂಬರ್‌ನಲ್ಲಿ ಡಾ. ಮುಖ್ತಾರ್ ಅಹ್ಮದ್ ಅನ್ಸಾರಿಯವರ ನೇತೃತ್ವದಲ್ಲಿ ಒಂದು ತಂಡ ಮುಂಬೈಯಿಂದ ಹಡಗು ಹತ್ತಿತು. ಬ್ರಿಟನ್ನಿನಲ್ಲಿ ಓದಿ ಲಂಡನ್ನಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದ ಇದೇ ಅನ್ಸಾರಿ 1927ರಲ್ಲಿ ಕಾಂಗ್ರೆಸ್ ಅಧ್ಯಕ್ಷರಾದರು. ತಂಡದಲ್ಲಿ ವೈದ್ಯರು ಕೆಲವರು ಮಾತ್ರ. ಓದು ಅರ್ಧಕ್ಕೇ ಬಿಟ್ಟು ಬಂದ ಅಲಿಗಢದ ವಿದ್ಯಾರ್ಥಿಗಳೂ ಅದರಲ್ಲಿದ್ದರು. ಇಸ್ತಾಂಬುಲ್ ಸಮೀಪದ ಒಮರ್ಲಿ ಎಂಬಲ್ಲಿ ಅವರು ಗಾಯಾಳುಗಳ ಆಸ್ಪತ್ರೆ ನಡೆಸಿದರು. ಆ ಚಳಿಗಾಲದಲ್ಲಿ ತುರ್ಕಿಯ ಸೈನ್ಯವನ್ನು ಗುಂಡಿಗಿಂತ ಕಡಿಮೆಯಿಲ್ಲದಂತೆ ಕಾಲರಾ ಕಾಡಿತ್ತು. ಅಂಥ ಕಡೆ ಚಾಕು ಹಿಡಿಯುವವರು ಇಬ್ಬರು ಮೂವರಿದ್ದರೂ ನಡೆದೀತು. ನೀರು ಕಾಯಿಸುವವರು, ಗಾಯ ಒರೆಸಿ ಪಟ್ಟಿ ಕಟ್ಟುವವರು, ರಾತ್ರಿ ಹಾಸಿಗೆಯ ಪಕ್ಕ ಕೂರುವವರು ಇಲ್ಲದಿದ್ದರೆ ಆಸ್ಪತ್ರೆ ನಡೆಯುವುದಿಲ್ಲ.

1913ರಲ್ಲಿ ತಂಡ ಹಿಂದಿರುಗಿತು. ಅಬ್ದುರ್ರಹ್ಮಾನ್ ಪೇಶಾವರಿ ಎಂಬ ಯುವಕ ಬರಲಿಲ್ಲ. ತುರ್ಕಿಯಲ್ಲೇ ಉಳಿದು, ಅಲ್ಲಿನ ಅನಾದೋಲು ಸುದ್ದಿಸಂಸ್ಥೆಯಲ್ಲಿ ದುಡಿದು, ಮುಂದೆ ಕಾಬೂಲಿನಲ್ಲಿ ತುರ್ಕಿಯ ರಾಯಭಾರಿಯಾದ. 1925ರಲ್ಲಿ ಇಸ್ತಾಂಬುಲ್‌ನಲ್ಲಿ ಗುಂಡೇಟಿಗೆ ಬಲಿಯಾದ.

ನಮ್ಮ ಗಡಿಯಾಚೆ, ಕನ್ನಡವೂ ಕಿವಿಗೆ ಬೀಳುವ ಸೋಲಾಪುರದಲ್ಲಿ ಹುಟ್ಟಿದ ಡಾ. ದ್ವಾರಕಾನಾಥ ಕೋಟ್ನಿಸರ ಕಥೆಯೂ ಇಂಥದೇ. 1938ರಲ್ಲಿ ಚೀನಾಕ್ಕೆ ಹೋದ ಐವರು ವೈದ್ಯರಲ್ಲಿ ಅವರೊಬ್ಬರು. ಚೀನೀ ಭಾಷೆ ಕಲಿತರು, ಅಲ್ಲಿನ ನರ್ಸ್ ಒಬ್ಬರನ್ನು ಮದುವೆಯಾದರು, 1942ರ ಡಿಸೆಂಬರ್‌ನಲ್ಲಿ 32ನೇ ವಯಸ್ಸಿಗೆ ಹೆಬೇ ಪ್ರಾಂತ್ಯದ ಒಂದು ಹಳ್ಳಿಯಲ್ಲಿ ತೀರಿಕೊಂಡರು. ರೋಗಿಯ ಮಾತನ್ನು ಅವರು ರೋಗಿಯ ಬಾಯಿಂದಲೇ ಕೇಳಬಲ್ಲವರಾಗಿದ್ದರು.

ಭಾಷೆಯ ವಿಷಯದಲ್ಲಿ ನಮ್ಮ ಮಕ್ಕಳಿಗೆ ಸ್ವಲ್ಪ ಅನುಭವವಿದೆ. ಮನೆಯಲ್ಲಿ ದಖ್ಖನಿ ಉರ್ದು, ಬೀದಿಗಿಳಿದರೆ ಮಂಡ್ಯದ ಕನ್ನಡ. ದಾದಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಡಾಕ್ಟರ ಮುಂದೆ ನಿಂತವರಿಗೆ ಇದು ಗೊತ್ತು. “ದಿಲ್ ಘಬ್ರಾತಾ” ಎಂದು ಅವರು ಹೇಳುತ್ತಾರೆ. ‘ಭಯವಂತೆ’ ಎಂದು ಮೊಮ್ಮಗ ಕನ್ನಡಕ್ಕೆ ತಂದರೆ ಎದೆ ಡವಗುಟ್ಟುವುದೂ ಉಸಿರು ಕಟ್ಟುವುದೂ ತಪ್ಪಿಹೋಗಬಹುದು. ಎದೆ ಉರಿ ಬೇರೆ, ಎದೆ ನೋವು ಬೇರೆ. ಗೊತ್ತಾಗದಿದ್ದರೆ ಮತ್ತೆ ಕೇಳಬೇಕು, ತನ್ನ ಊಹೆ ಸೇರಿಸಬಾರದು. ಹೆಂಗಸರ ಕಾಯಿಲೆಯ ಮಾತಿಗೆ ಹೆಂಗಸರೇ ಬೇಕು; ಮಗನ ಎದುರು ಯಾವ ತಾಯಿಯೂ ಪೂರ್ತಿ ಹೇಳುವುದಿಲ್ಲ. ಆದ್ದರಿಂದ ಇಂಥ ತಂಡಗಳಿಗೆ ಹೆಣ್ಣುಮಕ್ಕಳ ಅಗತ್ಯ ನಾವು ಅಂದುಕೊಂಡಿರುವುದಕ್ಕಿಂತ ಹೆಚ್ಚು. ಪರದೇಶಕ್ಕೆ ಹೋದಾಗ ಮಾತ್ರ ನಮ್ಮ ಹುಡುಗ ದಾದಿಯ ಜಾಗದಲ್ಲಿರುತ್ತಾನೆ. ಅಲ್ಲಿ ಮಾತು ದಾಟಿಸಲು ಆ ಊರಿನವರೇ ಬೇಕು.

ಇನ್ನೊಂದು ಸಂಗತಿ ನಾನು ಮಳವಳ್ಳಿ ಕಡೆಯ ಹಳ್ಳಿಯ ಒಂದು ಶಿಬಿರದಲ್ಲಿ ಕಲಿತದ್ದು. ಅಜ್ಜಿಯೊಬ್ಬರಿಗೆ ಬಿಪಿ ಇದೆಯೆಂದು ಗೊತ್ತಾಗಿ ಹದಿನೈದು ದಿನದ ಮಾತ್ರೆ ಕೊಟ್ಟಿದ್ದರು. ಎರಡು ತಿಂಗಳ ಮೇಲೆ ಸಿಕ್ಕಾಗ, “ಮಾತ್ರೆ ಮುಗೀತು, ಕಾಯ್ಲೆನೂ ಮುಗೀತು ಬುಡಪ್ಪ” ಎಂದರು. ಬಿಪಿ ಮಾತ್ರೆ ದಿನಾ ನುಂಗಬೇಕು, ಮುಗಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುತ್ತದೆ ಎಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಅಂದು ಮಾತ್ರೆ ಹಂಚುವ ಮೇಜಿನ ಹತ್ತಿರ ಕೂತವನು ನಾನೇ. ಮನೆ ಬಾಗಿಲಿನಲ್ಲೇ ಹೀಗಾದರೆ, ವಿಮಾನ ಹತ್ತಿ ಹೋದ ತಂಡ ಹಿಂದಿರುಗಿದ ಮೇಲೆ ಆ ಹಳ್ಳಿಯಲ್ಲಿ ಏನಾಗುತ್ತದೆ?

ಹಾಗಾಗಿ ಹುಡುಗನಿಗೆ ಮೂರು ಪ್ರಶ್ನೆ ಬರೆದುಕೊಟ್ಟೆ, ತಂಡದವರಿಗೆ ಕಳಿಸಲಿ ಎಂದು. ನೀವು ಬಂದ ಮೇಲೆ ರೋಗಿಗಳನ್ನು ನೋಡಿಕೊಳ್ಳುವ ಸ್ಥಳೀಯ ಆಸ್ಪತ್ರೆ ಯಾವುದು? ಮಾತು ದಾಟಿಸುವವರು ಯಾರು? ನನಗೆ ಕೊಡುವ ಕೆಲಸವೇನು? ಇಲ್ಲಿ ಮಾಡಲು ಅನುಮತಿಯಿಲ್ಲದ ಕೆಲಸವನ್ನು, ಹೊಲಿಗೆ ಹಾಕುವುದೋ ಹಲ್ಲು ಕೀಳುವುದೋ, ಅಲ್ಲಿ ಬಡವರ ಮೈಮೇಲೆ ಕಲಿಯಬಾರದು. ವೈದ್ಯರೂ ಆ ದೇಶದ ಅನುಮತಿ ಪಡೆದೇ ಚಿಕಿತ್ಸೆ ಕೊಡಬೇಕು.

ಉಳಿದದ್ದು ತಯಾರಿಯ ಮಾತು. ಆಫ್ರಿಕಾದ ಹಲವು ದೇಶಗಳಿಗೆ ಹಳದಿ ಜ್ವರದ ಲಸಿಕೆ ಬೇಕು. ಅಧಿಕೃತ ಕೇಂದ್ರದಲ್ಲಿ ಹಾಕಿಸಿಕೊಂಡ 10 ದಿನಗಳ ನಂತರವೇ ಪ್ರಮಾಣಪತ್ರ ಊರ್ಜಿತ. ಅದಿಲ್ಲದೆ ಅಂಥ ದೇಶದಿಂದ ಮರಳಿದರೆ ಇಲ್ಲಿ ವಿಮಾನ ನಿಲ್ದಾಣದಿಂದಲೇ ಪ್ರತ್ಯೇಕವಾಸಕ್ಕೆ ಕಳಿಸಬಹುದು. ಮಲೇರಿಯಾ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಹೊರಡುವ ಮೊದಲೇ ಶುರುಮಾಡಬೇಕು.

ತಂಡದವರು ಎರಡನೆಯ ಮತ್ತು ಮೂರನೆಯ ಪ್ರಶ್ನೆಗೆ ಚೆನ್ನಾಗಿ ಉತ್ತರಿಸಿದ್ದಾರೆ. ಮೊದಲನೆಯದಕ್ಕೆ ಇನ್ನೂ ಬಂದಿಲ್ಲ. ಬರುವವರೆಗೆ ಟಿಕೆಟ್ ಬೇಡ ಎಂದು ತಾಯಿ ಮಗ ಇಬ್ಬರೂ ತೀರ್ಮಾನಿಸಿದ್ದಾರೆ. ಈ ನಡುವೆ ಅವನು ಭಾನುವಾರಗಳಲ್ಲಿ ಮಳವಳ್ಳಿಯ ಆ ಹಳ್ಳಿಗೆ ಹೋಗಿ, ಶಿಬಿರದ ಹಳೆಯ ರಿಜಿಸ್ಟರ್ ಹಿಡಿದು, ಯಾರು ಮಾತ್ರೆ ನಿಲ್ಲಿಸಿದ್ದಾರೆ ಎಂದು ಮನೆಮನೆ ವಿಚಾರಿಸುತ್ತಿದ್ದಾನೆ. ಅಜ್ಜಿ ಈಗ ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ.